ಹಡಗಿಗೆ ಇಟ್ಟ ಬೊಟ್ಟು

ಮಾರ್ಚ್ ೮, ಶನಿವಾರ

ಬಿ.ಎಲ್. ಬಂತು, ಸರಕು ಏರಿದ್ದಕ್ಕೆ ಹಡಗಿನ ಕಂಪನಿ ಕೊಡುವ ರಸೀದಿ. ಮೂರು ಒರಿಜಿನಲ್ ಕಾಗದ, ಮೂರರಲ್ಲೂ ಸಹಿ, ಕೆಳಗೆ ‘ಹಡಗಿಗೆ ಏರಿದೆ, ಮಾರ್ಚ್ ೪’ ಎನ್ನುವ ಗುಂಡು ಮೊಹರು. ಇಂಥ ಕಾಗದ ಕೊಟ್ಟರೆ ದುಡ್ಡು ಕೊಡುತ್ತೇವೆ ಎಂದು ಟರ್ಕಿಯ ಬ್ಯಾಂಕು ಬರೆದುಕೊಟ್ಟ ಎಲ್‌.ಸಿ.ಯನ್ನು ಪಕ್ಕದಲ್ಲಿಟ್ಟುಕೊಂಡು ಊಟಕ್ಕೂ ಏಳದೆ ತಾಳೆ ನೋಡಿದೆ. ಚೀಲ, ತೂಕ, ಟರ್ಕಿಯ ಬಂದರಿನ ಹೆಸರು, ಹಡಗಿನ ಬಾಡಿಗೆ ಕಟ್ಟಿ ಆಗಿದೆ ಎಂಬ ಮಾತು, ಎಲ್ಲವೂ ಅವರು ಕೇಳಿದ ಹಾಗೆಯೇ ಇದೆ. ಹದಿನೈದು ವರ್ಷ ಬೇರೆಯವರ ಬಿ.ಎಲ್. ನೋಡಿ ನೋಡಿ ಕಣ್ಣು ಸವೆಸಿದವಳು ನಾನು. ಇದರಲ್ಲಿ ತಪ್ಪು ಹುಡುಕುವವನು ಇನ್ನೂ ಹುಟ್ಟಿಲ್ಲ. ಜಂಬ ಅಂದರೆ ಜಂಬ.

ಇದು ನಮ್ಮದೇ ಹೆಸರಿನಲ್ಲಿ ಹೋದ ಮೊದಲ ಕಂಟೇನರ್. ಇಲ್ಲಿಯತನಕ ಕೂಡ್ಲೂರಿನ ನಮ್ಮ ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿ ಹಸನು ಮಾಡಿ ಮಂಗಳೂರಿನ ರಫ್ತುದಾರರಿಗೆ ಕೊಟ್ಟು, ಅವರ ಕಾಗದ ತಾಳೆ ನೋಡಿಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆವು. ಈ ಸಲ ವರ್ಕ್ಸಿನ ಮಾಲೀಕರು ರೇವಣ್ಣನವರು ಧೈರ್ಯ ಮಾಡಿದರು. ಕಾಗದದ ಮೇಲೆ ಅವರ ತಂದೆಯ ಹೆಸರು, ‘ಸಿದ್ದಮಲ್ಲಪ್ಪ ಅಂಡ್ ಸನ್ಸ್’. ತಂದೆ ಹೋಗಿ ಮೂರು ವರ್ಷವಾಯಿತು.

ಸಂಜೆ ರೇವಣ್ಣನವರು ಬಂದು ಬಿ.ಎಲ್. ಇದ್ದ ಕವರು ಕೇಳಿದರು. ಅವರ ತಾಯಿಗೆ ಹಡಗಿನ ಕಾಗದದಲ್ಲಿ ಗಂಡನ ಹೆಸರು ನೋಡಬೇಕಂತೆ. ಸೋಮವಾರ ಬೆಳಗ್ಗೆ ದೇವರ ಮುಂದಿಟ್ಟು ಪೂಜೆ ಮಾಡಿ ವಾಪಸ್ ಕೊಡುತ್ತಾರಂತೆ. ಕಾಗದಕ್ಕೆ ಎಂಥ ಪೂಜೆ, ಬ್ಯಾಂಕಿಗೆ ಹೋಗಬೇಕಾದ್ದು ಎಂದೆ. ಬ್ಯಾಂಕಿಗೆ ಕೊಡಲು ಹತ್ತೊಂಬತ್ತರತನಕ ಸಮಯ ಇದೆಯಲ್ಲ ಎಂದರು. ಯಜಮಾನರು ಕೇಳಿದ ಮೇಲೆ ಗುಮಾಸ್ತೆ ಇಲ್ಲ ಎನ್ನಲಾಗುತ್ತದೆಯೇ? ಕೊಟ್ಟೆ.

ಮಾರ್ಚ್ ೧೦, ಸೋಮವಾರ

ಆ ಮುದುಕಿ ಕುಂಕುಮ ಇಟ್ಟಿದೆ. ಅದೂ ನೀರಿನಲ್ಲಿ ಕಲಸಿ. ಅದೂ ಮೊಹರಿನ ಮೇಲೆಯೇ.

ಮೇಲಿದ್ದ ಒಂದು ಕಾಗದಕ್ಕೆ ಮಾತ್ರ. ಉಳಿದೆರಡು ನೆಟ್ಟಗಿವೆ. ಆದರೆ ಎಲ್‌.ಸಿ.ಗೆ ಮೂರೂ ಬೇಕು. ಮೊಹರಿನ ಮಸಿ ಕರಗಿ ನೀಲಿ, ಕೆಂಪು ಎಲ್ಲ ಸೇರಿ ಹರಡಿಕೊಂಡು ತಾರೀಖೇ ಕಾಣುತ್ತಿಲ್ಲ. ಹಡಗು ಯಾವತ್ತು ಹೊರಟಿತು ಎನ್ನುವುದೇ ಈ ಕಾಗದದ ಜೀವ. ಅಲ್ಲಿ ಬ್ಯಾಂಕಿನಲ್ಲಿ ಕೂತವರು ಕಾಫಿಯ ಮುಖ ನೋಡುವುದಿಲ್ಲ, ಕಾಗದ ನೋಡುತ್ತಾರೆ. ಕಾಗದ ಸರಿಯಿದ್ದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಮೈಯೆಲ್ಲ ಉರಿಯುತ್ತಿದೆ. ಇನ್ನು ಬರೆಯುವುದಿಲ್ಲ.

ಮಾರ್ಚ್ ೧೧, ಮಂಗಳವಾರ

ರೇವಣ್ಣನವರ ಮುಖ ನೋಡಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ತಾಯಿಯನ್ನು ಯಾಕೆ ಹೀಗೆ ಮಾಡಿದೆ ಎಂದು ಅವರು ಕೇಳಿಲ್ಲ. ತಾಯಿಯೇ ಸಂತೋಷದಿಂದ ಹೇಳಿಕೊಂಡರಂತೆ: ಕಾಗದದಲ್ಲಿ ಗುಂಡಗಿದ್ದದ್ದು ಅದೊಂದೇ, ಅದೇ ಹಡಗಿನ ಗುರುತು ಇರಬೇಕು ಅಂತ ಹಡಗಿಗೇ ಬೊಟ್ಟಿಟ್ಟೆ, ಎಂದು.

“ಅಮ್ಮಂಗೆ ಗೊತ್ತಾಗೋದ್ ಬೇಡ ಉಷಾ. ಅಪ್ಪ ಹೋದ್ಮೇಲೆ ಅವ್ರು ಬಾಯ್ತುಂಬ ನಕ್ಕಿದ್ದೇ ನಿನ್ನೆ,” ಎಂದರು ರೇವಣ್ಣನವರು. ಆಗಲಿ ಎಂದೆ. ಹೇಳಿದರೆ ಮೊಹರು ಸರಿಹೋಗುತ್ತದೆಯೇ?

ನಾಡಿದ್ದು ಮಂಗಳೂರಿಗೆ ಹೋಗಬೇಕು. ನಮ್ಮ ಮನೆಯವರಿಗೆ ಹೇಳಿದರೆ ನಗುತ್ತಾರೆ. ನನ್ನ ಗಂಡ ಸುನಿಲ್ ದುಬಾರೆಯಲ್ಲಿ ದೋಣಿ ನಡೆಸುವವರು. ನಮ್ಮ ದೋಣಿಗೆ ಎಷ್ಟು ಕುಂಕುಮ ಬಳಿದರೂ ಯಾರೂ ಕೇಳಲ್ಲ, ನಿಮ್ಮ ಹಡಗಿನದ್ದು ಎಂಥ ನಾಜೂಕು ಅಂತಾರೆ.

ಮಾರ್ಚ್ ೧೩, ಗುರುವಾರ

ಮಂಗಳೂರಿನಿಂದ ವಾಪಸ್ ಬರುವಾಗ ಸಂಪಾಜೆ ಘಾಟಿಯಲ್ಲಿ ಎರಡು ಸಲ ವಾಂತಿಯಾಯಿತು. ಹೋದ ಕೆಲಸ ಆಯಿತೋ ಇಲ್ಲವೋ ನನಗೇ ಗೊತ್ತಾಗುತ್ತಿಲ್ಲ.

ಹಡಗಿನ ಕಂಪನಿಯ ಏಜೆಂಟರ ಆಫೀಸಿನಲ್ಲಿ ಧರ್ಮೇಂದ್ರ ಎನ್ನುವವರಿದ್ದರು. ಒಳ್ಳೆಯ ಮನುಷ್ಯ, ಎಳನೀರು ತರಿಸಿಕೊಟ್ಟರು. ಕಾಗದ ನೋಡಿ ಮೊದಲು ನಕ್ಕರು, ಆಮೇಲೆ ನಗಲಿಲ್ಲ. “ಹೊಸ ಸೆಟ್ ಬೇಕಾದ್ರೆ ಮೂರನ್ನೂ ಇಲ್ಲಿ ಕೊಟ್ಟು ಹೋಗ್ಬೇಕು ಮೇಡಂ. ಮುಂಬೈಯಿಂದ ಒಪ್ಪಿಗೆ ಬರ್ಬೇಕು. ಹತ್ತೊಂಬತ್ತರ ಒಳಗೆ ಬರ್ತದೆ ಅಂತ ನಾನು ಹೇಳುವ ಹಾಗಿಲ್ಲ,” ಎಂದರು. ಇನ್ನೊಂದು ದಾರಿ ಎಂದರೆ ಹರಡಿದ ಮೊಹರನ್ನು ಹೊಡೆದುಹಾಕಿ ಪಕ್ಕದಲ್ಲಿ ಹೊಸದು ಒತ್ತಿ ಸಹಿ ಮಾಡುವುದು. ಆದರೆ ಮೊದಲು ಸಹಿ ಮಾಡಿದ ಮ್ಯಾನೇಜರು ಮಗಳ ಮದುವೆಗೆ ರಜೆಯಲ್ಲಿದ್ದಾರೆ. ಬರುವುದು ಇಪ್ಪತ್ತಕ್ಕೆ.

ಕೊನೆಗೆ ಧರ್ಮೇಂದ್ರ ಅವರೇ ಹೊಸ ಮೊಹರು ಒತ್ತಿ ಸಹಿ ಹಾಕಿದರು. ತಿದ್ದಿದ ಕಡೆ ಸಹಿ ಮಾಡುವವರು ತಾವು ಯಾರು, ಯಾರ ಪರವಾಗಿ ಸಹಿ ಮಾಡುತ್ತಿದ್ದೇವೆ ಎಂದು ಬರೆಯಬೇಕು. ಅದನ್ನು ಬರೆಯಿರಿ ಎಂದು ಕೇಳಿಕೊಂಡೆ. ಹಡಗಿನ ಕಂಪನಿಯ ಪರವಾಗಿ ಎಂದು ಬರೆಯುವ ಅಧಿಕಾರ ತನಗಿಲ್ಲ, ಬರೆದರೆ ಕೆಲಸ ಹೋಗುತ್ತದೆ ಎಂದರು. ನಾನು ಅವರ ಜಾಗದಲ್ಲಿದ್ದರೂ ಬರೆಯುತ್ತಿರಲಿಲ್ಲ. ರೇವಣ್ಣನವರಿಗೆ ಫೋನು ಮಾಡಿ ಮುಂಬೈಯನ್ನು ನಂಬಿ ಕಾಗದ ಬಿಟ್ಟು ಬರಲೋ, ಇಷ್ಟರಲ್ಲೇ ತೆಗೆದುಕೊಂಡು ಬರಲೋ ಎಂದು ಕೇಳಿದೆ. ನೀನು ಹೇಳಿದ ಹಾಗೆ ಎಂದುಬಿಟ್ಟರು. ಬರಿಗೈಯಲ್ಲಿ ಬರಲು ಧೈರ್ಯ ಸಾಲಲಿಲ್ಲ, ತೆಗೆದುಕೊಂಡು ಬಂದೆ.

ಮಾರ್ಚ್ ೧೮, ಮಂಗಳವಾರ

ಮೈಸೂರಿನ ಬ್ಯಾಂಕಿಗೆ ಕಾಗದ ಒಪ್ಪಿಸಿ ಆಯಿತು. ಅಲ್ಲಿ ಎಕ್ಸ್‌ಪೋರ್ಟ್ ಕಾಗದ ನೋಡುವ ಅನಿಲ್‌ಕುಮಾರ್ ನನಗೆ ಹಳೇ ಪರಿಚಯ. ಎರಡು ಕಾಗದ ಸರಾಗವಾಗಿ ತಿರುವಿದವರು ಮೂರನೆಯದರಲ್ಲಿ ಬೆರಳು ನಿಲ್ಲಿಸಿದರು. ಎಲ್ಲಿ ನಿಲ್ಲಿಸುತ್ತಾರೆ ಎಂದು ನನಗೆ ಗೊತ್ತಿತ್ತು.

“ನಾನು ಸರಿ ಅಂತ ಕಳಿಸ್ಬೋದು ಮೇಡಂ. ಟರ್ಕಿ ಬ್ಯಾಂಕಲ್ಲಿ ಕೂತಿರೋರು ನಮ್ಮ ನೆಂಟರಲ್ಲ,” ಎಂದರು. ಕೊಳ್ಳುವವನಿಗೆ ಮೊದಲೇ ತಿಳಿಸಿ ಒಪ್ಪಿಸಿಕೊಳ್ಳಿ ಎಂದರು. ಮೂರು ಮೇಲ್ ಹಾಕಿ ಆಗಿದೆ, ಆ ಪುಣ್ಯಾತ್ಮ ಒಂದಕ್ಕೂ ಉತ್ತರ ಕೊಟ್ಟಿಲ್ಲ.

ಮಾರ್ಚ್ ೨೪, ಸೋಮವಾರ

ಮಾಡಲು ಏನೂ ಇಲ್ಲ. ಕಾಗದ ವಿಮಾನದಲ್ಲಿ ಹೋಗಿದೆ, ಕಾಫಿ ಹಡಗಿನಲ್ಲಿ ಹೋಗುತ್ತಿದೆ, ನಾನು ಇಲ್ಲಿ ಮೇಜಿನ ಧೂಳು ಒರೆಸುತ್ತಿದ್ದೇನೆ.

ಬಿಲ್ಲಿಗೆ ರೇವಣ್ಣನವರ ಸಹಿ ಬೇಕೆಂದು ಅವರ ಮನೆಗೆ ಹೋಗಿದ್ದೆ. ಅವರಿರಲಿಲ್ಲ. ಅವರ ತಾಯಿ ಸುಲೋಚನಮ್ಮ ಕೂರಿಸಿ ಕಾಫಿ ಕೊಟ್ಟರು. ಹಡಗು ಎಲ್ಲಿಗೆ ಹೋಯಿತು ಎಂದು ಕೇಳಿದರು. ಫೋನಿನಲ್ಲಿ ತೋರಿಸಿದೆ. ಸಮುದ್ರದ ಮಧ್ಯೆ ಒಂದು ಚುಕ್ಕೆ. ಕೆಂಪು ಸಮುದ್ರದ ಕಡೆ ಗಲಾಟೆ ಇರುವುದರಿಂದ ಆಫ್ರಿಕಾ ಸುತ್ತಿ ಹೋಗುತ್ತದೆ ಎಂದು ಬೆರಳಿನಲ್ಲಿ ದಾರಿ ತೋರಿಸಿದೆ. ಅಷ್ಟು ದೂರವೇ ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ನಮ್ಮ ಯಜಮಾನರು ಮಂಗಳೂರು ದಾಟಿದವರಲ್ಲ, ಅವರ ಹೆಸರು ಎಲ್ಲಿಗೆಲ್ಲ ಹೋಗುತ್ತಿದೆ ನೋಡು ಎಂದರು.

ಬೈಯಬೇಕೆಂದು ಇಷ್ಟು ದಿನ ಮನಸ್ಸಿನಲ್ಲಿ ಕೂಡಿಟ್ಟಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ.

ಮಾರ್ಚ್ ೨೮, ಶುಕ್ರವಾರ

ಟರ್ಕಿಯ ಬ್ಯಾಂಕಿನವರು ಬೇಡ ಎಂದಿದ್ದಾರೆ. ತಾರೀಖು ತಿದ್ದಿದಂತೆ ಕಾಣುತ್ತದೆ, ತಿದ್ದಿದವರು ಯಾರ ಪರವಾಗಿ ಸಹಿ ಮಾಡಿದ್ದಾರೆ ಎಂದು ತಿಳಿಯುವುದಿಲ್ಲ. ಎರಡೇ ಸಾಲು. ನಾನು ಅಲ್ಲಿ ಕೂತಿದ್ದರೂ ಅದನ್ನೇ ಬರೆಯುತ್ತಿದ್ದೆ. ಯಾರನ್ನು ಬೈಯುವುದು?

ಏಪ್ರಿಲ್ ೪, ಶುಕ್ರವಾರ

ರಂಜಾನ್ ರಜೆ ಮುಗಿದು ಕೊಳ್ಳುವವನು ಬಾಯಿ ಬಿಟ್ಟ. ರೊಬಸ್ಟಾ ದರ ಇಳಿಯುತ್ತಿದೆ. ಕಾಗದದ ತಪ್ಪನ್ನು ತಾನು ಒಪ್ಪಿಕೊಳ್ಳಬೇಕಾದರೆ ಹಳೇ ದರ ಆಗುವುದಿಲ್ಲ ಎನ್ನುತ್ತಾನೆ. ಅವನು ಹೇಳುವ ದರಕ್ಕೆ ಒಪ್ಪಿದರೆ ನಾವು ಬೆಳೆಗಾರರಿಗೆ ಕೊಟ್ಟದ್ದೂ ಹುಟ್ಟುವುದಿಲ್ಲ. ರೇವಣ್ಣನವರು ಒಪ್ಪಲಿಲ್ಲ. ಹಡಗನ್ನು ವಾಪಸ್ ಕರೆಯಲು ಆಗುವುದಿಲ್ಲವೇ ಎಂದು ನನ್ನನ್ನು ಕೇಳಿದರು. ಇಷ್ಟು ದೊಡ್ಡ ಮನುಷ್ಯರು ಹಾಗೆ ಕೇಳಿಬಿಟ್ಟರು.

ಏಪ್ರಿಲ್ ೧೨, ಶನಿವಾರ

ಕುಶಾಲನಗರದ ಸಂತೆ ಬೀದಿಯಲ್ಲಿ ಕಣಗಿಲೆ ಹೂ ಚೆನ್ನಾಗಿತ್ತು. ಸುಮ್ಮನೆ ತೆಗೆದುಕೊಂಡೆ. ನಮ್ಮ ಮನೆಯಲ್ಲಿ ಯಾರು ಪೂಜೆ ಮಾಡುತ್ತಾರೆ, ರೇವಣ್ಣನವರ ಅಮ್ಮನಿಗೆ ಕೊಟ್ಟು ಬಂದೆ. ಹೋದವಳು ಅವರ ಪೂಜೆ ಮುಗಿಯುವತನಕ ಕೂತಿದ್ದೆ, ಫ್ಯಾನಿನ ಗಾಳಿ ಚೆನ್ನಾಗಿ ಬರುತ್ತದೆ ಅಲ್ಲಿ.

ಹಡಗು ಎಲ್ಲಿದೆ ಎಂದು ಕೇಳಿದರು. ಆಫ್ರಿಕಾದ ತುದಿ ದಾಟಿದೆ ಎಂದೆ. ನಮ್ಮ ದುಡ್ಡು ಬಂತೇ ಎಂದು ಅವರು ಒಂದು ದಿನವೂ ಕೇಳಿದವರಲ್ಲ.

ಏಪ್ರಿಲ್ ೨೧, ಸೋಮವಾರ

ಏನೂ ಇಲ್ಲ. ಹೂ ಕೊಟ್ಟು ಬಂದೆ. ಕಳೆದ ವಾರವೂ ಕೊಟ್ಟಿದ್ದೆ ಎಂದು ಸುನಿಲ್ ನೆನಪು ಮಾಡಿದರು. ಅದೇನು ಲೆಕ್ಕ ಇಡುವ ವಿಷಯವೇ?

ಏಪ್ರಿಲ್ ೨೬, ಶನಿವಾರ

ಹಡಗು ಮುಟ್ಟಿದೆ. ಕಂಟೇನರನ್ನು ಕೆಳಗಿಳಿಸಿ ಅಂಗಳದಲ್ಲಿಟ್ಟಿದ್ದಾರೆ. ಅದನ್ನು ಬಿಡಿಸಿಕೊಳ್ಳಲು ಬೇಕಾದ ಕಾಗದ ಅಲ್ಲಿನ ಬ್ಯಾಂಕಿನ ಕಪಾಟಿನಲ್ಲಿ ಬಿದ್ದಿದೆ. ನಿಂತಷ್ಟು ದಿನವೂ ಬಂದರಿನ ಬಾಡಿಗೆ ಏರುತ್ತದೆ.

ಹಡಗು ಮುಟ್ಟಿತು ಎಂದು ಮಾತ್ರ ಅಮ್ಮನಿಗೆ ಹೇಳಿದೆ. ಅದರಲ್ಲಿ ಸುಳ್ಳೇನಿಲ್ಲ. ಅವರು ದೇವರ ಮುಂದೆ ತುಪ್ಪದ ದೀಪ ಹಚ್ಚಿ ನನಗೆ ಬೆಲ್ಲದ ಚೂರು ಕೊಟ್ಟರು. ಅದನ್ನು ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.

ಮೇ ೨, ಶುಕ್ರವಾರ

ಆಗಬಾರದ್ದು ಆಯಿತು. ಬಸವ ಜಯಂತಿಗೆ ಅಮ್ಮ ಶನಿವಾರಸಂತೆಯ ನೆಂಟರ ಮನೆಗೆ ಹೋಗಿದ್ದರು. ಅಲ್ಲಿ ಊಟದ ಪಂಕ್ತಿಯಲ್ಲಿ ಅವರ ಓರಗಿತ್ತಿ ಮಹಾದೇವಮ್ಮ ಎಲ್ಲರೆದುರು ಹೇಳಿದಳಂತೆ: “ಗಂಡ ಇಲ್ಲದ ಕೈಲಿ ಮೊದಲನೇ ಲೋಡಿಗೆ ಕುಂಕುಮ ಇಟ್ರೆ ಇನ್ನೇನಾಗುತ್ತೆ? ಹೋದ ಕಾಫಿ ಅನಾಥವಾಗಿ ಬಿದ್ದದಂತೆ.” ಕಾಗದ ಬೇಡ ಎಂದ ಸುದ್ದಿ ಆ ಹೆಂಗಸಿಗೆ ಹೇಗೆ ಮುಟ್ಟಿತೋ! ರೇವಣ್ಣನವರೇ ಯಾರ ಹತ್ತಿರವೋ ಹೇಳಿಕೊಂಡಿರಬೇಕು.

ಅಮ್ಮ ಉಣ್ಣದೆ ಎದ್ದು ಬಂದರಂತೆ. ನನಗೆ ಆ ಮಹಾದೇವಮ್ಮನನ್ನು ಹಿಡಿದು ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತಿದೆ.

ಮೇ ೫, ಸೋಮವಾರ

ರೇವಣ್ಣನವರನ್ನು ಕೇಳದೆಯೇ ಹೋಗಿ ಅಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ದೇವರ ಕೋಣೆಯಲ್ಲಿ ವಿಭೂತಿ ಮಾತ್ರ ಇತ್ತು. ಕುಂಕುಮದ ಕರಡಿಗೆಯನ್ನು ತೆಗೆದು ಮೇಲಿನ ಗೂಡಿಗೆ ಸೇರಿಸಿದ್ದರು.

ತಪ್ಪು ಕುಂಕುಮದ್ದೂ ಅಲ್ಲ, ಕೈಯದ್ದೂ ಅಲ್ಲ, ನೀರಿನದ್ದು ಎಂದೆ. ಮೊಹರಿನ ಮಸಿ ನೀರಿಗೆ ಹರಡುವ ಜಾತಿಯದು. ನಾನು ಇಟ್ಟಿದ್ದರೂ ಹರಡುತ್ತಿತ್ತು, ಆ ಮಹಾದೇವಮ್ಮ ಇಟ್ಟಿದ್ದರೂ ಹರಡುತ್ತಿತ್ತು. ಆಮೇಲೆ ತಿದ್ದಿದ ಕಡೆ ಸರಿಯಾದ ಸಹಿ ಬೀಳಲಿಲ್ಲ, ಅದನ್ನು ಗೊತ್ತಿದ್ದೂ ತಂದವಳು ನಾನು. ಎಲ್ಲವನ್ನೂ ಬಿಡಿಸಿ ಹೇಳಿದೆ.

“ನಂಗೆ ಬೇಜಾರಾಗ್ದಿರ್ಲಿ ಅಂತ ಹೇಳ್ತಿದ್ದೀಯ ಕಣವ್ವ,” ಎಂದರು. “ಇಷ್ಟು ದಿನ ನೀನೂ ಮುಚ್ಚಿಟ್ಟೆ, ನನ್ ಮಗನೂ ಮುಚ್ಚಿಟ್ಟ. ಬರೀ ನೀರಾಗಿದ್ರೆ ಯಾಕೆ ಮುಚ್ಚಿಡ್ತಿದ್ರಿ?”

ಮೊದಲ ದಿನವೇ ಬಾಯಿಗೆ ಬಂದ ಹಾಗೆ ಬೈದಿದ್ದರೆ ಇಷ್ಟು ಹೊತ್ತಿಗೆ ಅವರು ಅತ್ತು ಮರೆತಿರುತ್ತಿದ್ದರು. ಒಳ್ಳೆಯದು ಮಾಡಲು ಹೋಗಿ ನಾವೇ ಅವರನ್ನು ಆ ಹೆಂಗಸಿನ ಬಾಯಿಗೆ ಕೊಟ್ಟೆವು.

ಮೇ ೮, ಗುರುವಾರ

ಹೇಳಿದರೆ ನಂಬುವುದಿಲ್ಲ, ತೋರಿಸಿದರೆ ನಂಬಿಯಾರು ಎಂದು ಆಫೀಸಿನ ಮೊಹರು, ಮಸಿಯ ಪ್ಯಾಡು, ಎರಡು ಬಿಳಿ ಹಾಳೆ ತೆಗೆದುಕೊಂಡು ಹೋದೆ. ಅವರ ಎದುರಿಗೇ ಹಾಳೆಗೆ ಮೊಹರು ಒತ್ತಿ, ಒದ್ದೆ ಬೆರಳಿನಲ್ಲಿ ಉಜ್ಜಿದೆ. ಮಸಿ ಹರಡಿತು. ನೋಡಿ ಅಮ್ಮ, ನನ್ನ ಕೈಯಲ್ಲೂ ಹಾಗೆಯೇ ಆಯಿತು, ಈಗ ನೀವೂ ಮುಟ್ಟಿ ನೋಡಿ ಎಂದು ಇನ್ನೊಂದು ಹಾಳೆ ಮುಂದಿಟ್ಟೆ.

ಅವರು ಕೈ ಚಾಚಲಿಲ್ಲ. ಬಗ್ಗಿ ನನ್ನ ಹಾಳೆ ನೋಡಿದರು. “ನಿನ್ ಕೈಲಿ ಒಂಚೂರು ಹರಡ್ತು. ನನ್ ಕೈಲಿ ಪೂರ್ತಿ ಹೋಯ್ತಲ್ಲ,” ಎಂದರು.

ಸಿಟ್ಟು ಬಂದು ಹಾಳೆ ಹರಿದು ಎದ್ದು ಬಂದೆ. ನನಗೇ ನಾಚಿಕೆಯಾಗುತ್ತಿದೆ. ಕಾಗದ ನೋಡಿ ಸರಿ, ತಪ್ಪು ಹೇಳುವುದು ನನ್ನ ಕೆಲಸ. ಅದನ್ನು ಒಬ್ಬ ವಯಸ್ಸಾದ ಹೆಂಗಸಿಗೆ ಒಪ್ಪಿಸಲು ಆಗದ ಮೇಲೆ ಈ ಕಣ್ಣು ಇದ್ದೇನು?

ಮೇ ೧೩, ಮಂಗಳವಾರ

ಮೂರು ಕಾಗದವೂ ವಾಪಸ್ ಬಂದಿವೆ. ಹಿಂಬದಿಗೆ ಬ್ಯಾಂಕಿನವರು ಸಹಿ ಹಾಕಿ ನಮ್ಮ ಹೆಸರಿಗೆ ಬಿಟ್ಟುಕೊಟ್ಟಿದ್ದಾರೆ. ಧರ್ಮೇಂದ್ರ ಓಡಾಡಿ ಅದೇ ಬಂದರಿನಲ್ಲಿ ಇನ್ನೊಬ್ಬ ವ್ಯಾಪಾರಿಯನ್ನು ಹಿಡಿದಿದ್ದಾರೆ. ನಷ್ಟವಂತೂ ಇದೆ, ಆದರೆ ಬಾಡಿಗೆಗೆ ಎಲ್ಲ ಕರಗಿಹೋಗುವುದು ತಪ್ಪುತ್ತದೆ. ಮೂರನ್ನೂ ಮಂಗಳೂರಿಗೆ ಕಳಿಸಿದರೆ ಈ ಸಲ ಮ್ಯಾನೇಜರೇ ಹೊಸ ಸೆಟ್ ಮಾಡಿಸಿಕೊಡುತ್ತಾರೆ. ಮುಂದಿನ ವರ್ಷದಿಂದ ಹಳೇ ದಾರಿಯೇ ಸಾಕು, ಬೇರೆಯವರ ಹೆಸರಿನಲ್ಲೇ ಹೋಗಲಿ ಎಂದರು ರೇವಣ್ಣನವರು.

ಕೋರಿಯರಿಗೆ ಹಾಕುವ ಮೊದಲು ಕವರನ್ನು ಅಮ್ಮನ ಹತ್ತಿರ ತೆಗೆದುಕೊಂಡು ಹೋದೆ. ಯಾಕೆ ಹೋದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ, ಹಾಗೇ ಕಳಿಸಲು ಮನಸ್ಸಾಗಲಿಲ್ಲ ಅಷ್ಟೆ. ಒಂದು ಸಲ ಮುಟ್ಟಿ ಕೊಡಿ ಅಮ್ಮ ಎಂದೆ. ಅವರು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಬಾಗಿಲಿನತನಕ ಹಿಂದೆ ಸರಿದರು. ನಾನು ಹತ್ತಿರ ಹೋದಷ್ಟೂ ಸರಿದರು. ಆಮೇಲೆ ಗೂಡಿನ ಕಡೆ ಕಣ್ಣಿನಲ್ಲೇ ತೋರಿಸಿದರು.

“ಕರಡಿಗೆ ಅಲ್ಲಿದೆ. ನೀನು ಮುತ್ತೈದೆ, ನೀನಿಡು. ಎಲ್ಲಿ ಇಡಬಾರ್ದು ಅನ್ನೋದೂ ನಿಂಗೇ ಗೊತ್ತು.”

ನಾನು ಇಡುವುದಿಲ್ಲ ಎಂದೆ. ಹಾಗಾದರೆ ಇದೂ ಹಾಳಾಗಲಿ ಅಂತೀಯೇನವ್ವ ಎಂದು ಅಳಲು ಶುರುಮಾಡಿದರು. ಸಿದ್ದಮಲ್ಲಪ್ಪನವರ ಶಿವಗಣಾರಾಧನೆಯ ದಿನವೂ ಅವರು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಕರಡಿಗೆ ಇಳಿಸಿ, ಒಣ ಕುಂಕುಮ ಚಿಟಿಕೆ ತೆಗೆದು, ಕವರಿನ ಮೂಲೆಗೆ ಇಟ್ಟುಬಿಟ್ಟೆ.

ಅಮ್ಮನ ಅಳು ನಿಂತಿತು. “ಈಗ ಸರಿಹೋಗುತ್ತೆ ಬಿಡು,” ಎಂದರು. ಎಷ್ಟೋ ದಿನದ ಮೇಲೆ ಮುಖ ಹಗುರವಾಗಿತ್ತು.

ಸ್ಕೂಟರಿನಲ್ಲಿ ಅರ್ಧ ದಾರಿ ಬಂದ ಮೇಲೆ ನಾನು ಏನು ಮಾಡಿದೆ ಎಂದು ಹೊಳೆಯಿತು. ಅವರ ಕೈಯದ್ದಲ್ಲ ಎಂದು ವಾರವಿಡೀ ಬಾಯಿ ನೋಯಿಸಿಕೊಂಡವಳು, ಅವರ ಕೈ ಆಗದು, ನನ್ನದೇ ಆಗಬೇಕು ಎಂದು ಒಂದು ಚಿಟಿಕೆಯಲ್ಲಿ ಒಪ್ಪಿಕೊಟ್ಟು ಬಂದಿದ್ದೆ. ವಾಪಸ್ ಹೋಗೋಣ ಎಂದು ಗಾಡಿ ನಿಲ್ಲಿಸಿದೆ. ಹೋಗಿ ಏನು ಹೇಳಲಿ? ಕೋರಿಯರಿನವನು ಎರಡು ಸಲ ಫೋನು ಮಾಡಿದ್ದ. ಕೊಟ್ಟು ಕಳಿಸಿದೆ.

ಈ ಸಲ ಎಲ್ಲವೂ ಸುಸೂತ್ರವಾಗಿ ಆಗುತ್ತದೆ, ನನಗೆ ಗೊತ್ತು. ಆದರೆ ಅದು ನನ್ನ ಕೈಗುಣ ಎಂದೇ ಅಮ್ಮ ಸಾಯುವತನಕ ನಂಬುತ್ತಾರೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಮೊದಲ ಸಲ, ಒಂದು ಬಿ.ಎಲ್. ಪಾಸಾಗದಿರಲಿ ಎಂದು ಬಯಸಿದೆ.